ತೊಲೆ ಇಳಿಸಬಾರದ ಮನೆ

ಮಣ್ಣಿನ ಮಾಳಿಗೆ ಸೋರುತ್ತಿದೆ ಎಂದು ಯಾರಾದರೂ ಕರೆದರೆ ನಾನು ಮೊದಲು ಏಣಿ ಕೇಳುವುದಿಲ್ಲ. ಮನೆಯೊಳಗೆ ಹೋಗಿ ಕತ್ತೆತ್ತಿ ನಿಲ್ಲುತ್ತೇನೆ. ಮನೆಯವರಿಗೆ ಇದು ಸೋಮಾರಿತನದ ಹಾಗೆ ಕಾಣುತ್ತದೆ. ಕಾಣಲಿ ಬಿಡಿ. ಮೇಲೆ ಹತ್ತಿದವನ ಕಣ್ಣಿಗೆ ಬೀಳುವುದು ಬಿರುಕು ಮಾತ್ರ. ಆ ಮಣ್ಣನ್ನೆಲ್ಲ ಹೊತ್ತು ನಿಂತ ಮರದ ಗತಿ ಏನಾಗಿದೆ ಎನ್ನುವುದು ಕೆಳಗೆ ನಿಂತವನಿಗೇ ತಿಳಿಯುವುದು.

ಬಡವನಹಳ್ಳಿ ಹತ್ತಿರದ ಹಳ್ಳಿಯೊಂದರ ಆ ಮನೆಯಲ್ಲೂ ಹಾಗೇ ನಿಂತೆ. ಅರವತ್ತರ ದಶಕದ ಮೊದಲ ವರ್ಷಗಳು. ಒಂದು ಮೂಟೆ ಸಿಮೆಂಟಿಗೂ ಪರ್ಮಿಟ್ಟು ಬೇಕಾಗಿದ್ದ ಕಾಲ. ಮನೆಯ ಯಜಮಾನ ಮೂವತ್ತು ದಾಟದ ರೈತ. ಎತ್ತು ಕಟ್ಟಿ ನೀರೆತ್ತುತ್ತಿದ್ದ ಹೊಲದ ಕಪಿಲೆ ಬಾವಿಗೆ ಆಗಷ್ಟೇ ಡೀಸೆಲ್ ಎಂಜಿನ್ ಇಡಿಸಿದ್ದ. ಅದೇ ಹುಮ್ಮಸ್ಸಿನಲ್ಲಿ ಮಧುಗಿರಿಗೆ ಅಲೆದು ಅಲೆದು ಸಿಮೆಂಟನ್ನೂ ತಂದು ಕೊಟ್ಟಿಗೆಯಲ್ಲಿ ಪೇರಿಸಿದ್ದ. ಮಣ್ಣಿನ ಮಾಳಿಗೆಯ ಮೇಲೆ ಅದನ್ನು ಬಳಿಸಿಬಿಟ್ಟರೆ ಸೋರುವ ತಾಪತ್ರಯ ಜನ್ಮಕ್ಕೇ ಮುಗಿಯಿತು ಎನ್ನುವುದು ಅವನ ಎಣಿಕೆ. ಅದಕ್ಕಾಗಿಯೇ ಶಿರಾದಿಂದ ನನ್ನನ್ನು ಕರೆಸಿದ್ದ. ನನ್ನ ಜೊತೆಗೆ ಯಾವಾಗಲೂ ಇರುವ ಹಾಗೆ ನನ್ನ ಹೆಂಡತಿಯ ತಮ್ಮನೂ ಇದ್ದ. ಕೆಲಸ ಬಲ್ಲವನು, ಆದರೆ ಕೈಗಿಂತ ಬಾಯಿ ಜೋರು.

"ಏನ್ ಸಾಬ್ರೇ, ಬಂದವ್ರು ಮಾಳ್ಗೆ ಹತ್ತದ್ ಬುಟ್ಟು ಇಂಗೆ ಮೇಲಕ್ಕೆ ನೋಡ್ತಾ ನಿಂತ್ಬುಟ್ರಲ್ಲ? ನಕ್ಷತ್ರ ಏನಾರಾ ಕಾಣ್ತಾವಾ?" ಎಂದ ಯಜಮಾನ.

"ಕಾಣ್ತಾವೆ ಯಜಮಾನ್ರೇ. ಇನ್ನೊಂದು ದೊಡ್ಡ ಮಳೆ ಹುಯ್ದ್ರೆ ನಿಮಗೂ ಕಾಣ್ತಾವೆ," ಎಂದೆ.

ಹೇಳಿದ್ದು ತಮಾಷೆಗಲ್ಲ. ನಡುಮನೆಯ ಅಡ್ಡಕ್ಕೆ ಒಂದೇ ದೊಡ್ಡ ತೊಲೆ. ಅದರ ಮೇಲೆ ಜಂತೆಗಳು, ಜಂತೆಯ ಮೇಲೆ ಸೀಳಿದ ಕಡ್ಡಿ, ಮಣ್ಣು ಉದುರದಂತೆ ಹಾಸಿದ ಬಂದ್ರೆ ಗಿಡದ ಸೊಪ್ಪು, ಅದರ ಮೇಲೆ ಮಣ್ಣು. ತೊಲೆ ನಡುವಿನಲ್ಲಿ ಹೊಟ್ಟೆ ಬಿಟ್ಟಿತ್ತು. ಬೆಳಕಿಂಡಿಯ ಕಡೆ ನೋಡಿದೆ. ನಮ್ಮ ಸೀಮೆಯಲ್ಲಿ ಬೆಳಕಿಂಡಿಗೆ ತಳ ಒಡೆದ ಮಡಕೆಯೊಂದನ್ನು ಮಾಳಿಗೆಯ ಮಣ್ಣಿನಲ್ಲಿ ಕೂರಿಸುತ್ತಾರೆ. ಇಲ್ಲಿ ಮಡಕೆಯ ಮೇಲೆ ಮಡಕೆ, ಅದರ ಮೇಲೆ ಇನ್ನೊಂದು ಮಡಕೆ ಕೂತಿತ್ತು. ಮಣ್ಣು ಏರಿದ ಹಾಗೆಲ್ಲ ಮಡಕೆಯನ್ನೂ ಏರಿಸುತ್ತ ಬಂದಿದ್ದಾರೆ ಎಂದು ಅರ್ಥವಾಯಿತು.

ಇದು ಆ ಮನೆಯೊಂದರ ತಪ್ಪಲ್ಲ. ಮಧುಗಿರಿ, ಪಾವಗಡ, ಶಿರಾ ಎಲ್ಲ ಕಡೆಯೂ ಇದೇ ರೂಢಿ. ಮುಂಗಾರಿಗೆ ಮುಂಚೆ ಗಾಡಿಯಲ್ಲಿ ಚೌಳು ಮಣ್ಣು ತಂದು ಮಾಳಿಗೆಗೆ ಹರಡುತ್ತಾರೆ. ಚೌಳಿನ ಗುಣ ಒಳ್ಳೆಯದು: ಮೊದಲ ಹನಿ ಬಿದ್ದ ಕೂಡಲೇ ನುಣ್ಣಗೆ ಕರಗಿ ಬಿರುಕುಗಳನ್ನು ಮುಚ್ಚುತ್ತದೆ, ಒಳಕ್ಕೆ ನೀರು ಬಿಡುವುದಿಲ್ಲ. ಆದರೆ ಹಾಕುವುದಷ್ಟೇ ರೂಢಿ. ಹಳೆಯದನ್ನು ತೆಗೆಯುವುದು ಯಾರ ರೂಢಿಯಲ್ಲೂ ಇಲ್ಲ. ಶ್ರದ್ಧೆಯಿರುವ ಮನೆಯಾದಷ್ಟೂ ಮಾಳಿಗೆ ದಪ್ಪ. ಸೋಮಾರಿಗಳ ಮನೆ ಸೋರುತ್ತದೆ, ಶಿಸ್ತಿನವರ ಮನೆ ಕುಸಿಯುತ್ತದೆ. ಎರಡನ್ನೂ ನಾನು ಕಣ್ಣಾರೆ ನೋಡಿದ್ದೇನೆ.

ಸುತ್ತಿಗೆಯ ಹಿಡಿಯಿಂದ ತೊಲೆಯನ್ನು ಉದ್ದಕ್ಕೂ ತಟ್ಟುತ್ತ ಹೋದೆ. ಬೀದಿ ಕಡೆಯ ಗೋಡೆಯ ಹತ್ತಿರ ಗಟ್ಟಿ ಸದ್ದು, ನಡುವಿನಲ್ಲೂ ಪರವಾಗಿಲ್ಲ. ಹಿತ್ತಲ ಗೋಡೆಯ ಕಡೆಗೆ ಹೋದಂತೆ ಸದ್ದು ಮಂಕಾಯಿತು. ಮೂಟೆ ಹೊಲಿಯುವ ದಬ್ಬಳ ಕೇಳಿ ತೆಗೆದುಕೊಂಡು, ತೊಲೆ ಗೋಡೆಯೊಳಕ್ಕೆ ಹೋಗುವ ಜಾಗದಲ್ಲಿ ಚುಚ್ಚಿದೆ. ಬೆಂದ ಗೆಣಸಿಗೆ ಚುಚ್ಚಿದಂತೆ ಪೂರ್ತಿ ಒಳಕ್ಕೆ ಹೋಯಿತು. ಗೋಡೆಯ ಮೇಲೆ ಗೆದ್ದಲಿನ ಮಣ್ಣಿನ ಗೆರೆಯೊಂದು ನೆಲದಿಂದ ತೊಲೆಯವರೆಗೂ ಹತ್ತಿತ್ತು. ಹೊರಗೆ ಹೋಗಿ ನೋಡಿದರೆ ಕಾರಣವೂ ಸಿಕ್ಕಿತು. ಮಾಳಿಗೆಯ ನೀರು ಹೊರಕ್ಕೆ ಬೀಳಲು ಇಟ್ಟಿದ್ದ ಕಲ್ಲಿನ ದೋಣಿ ಮುರಿದು, ನೀರು ಹೊರಗೆ ಬೀಳುವ ಬದಲು ಗೋಡೆಯ ಮೈಮೇಲೇ ಇಳಿಯುತ್ತಿತ್ತು. ಒದ್ದೆ ಇದ್ದಲ್ಲಿ ಗೆದ್ದಲು. ಅದು ಸರಿಯಾಗಿ ತೊಲೆಯ ತುದಿ ಕೂತ ಜಾಗ.

ಆ ತುದಿಯ ಕೆಳಗೆ, ತೊಲೆ ಮುಟ್ಟದ ಗಿಡ್ಡ ಗೋಡೆ ಎಬ್ಬಿಸಿ ಮಾಡಿದ ಸಣ್ಣ ಕೋಣೆ. ಕೋಣೆಯಿಂದ ಒಬ್ಬ ಹೆಣ್ಣುಮಗಳು ಸೊಂಟಕ್ಕೆ ಕೈಕೊಟ್ಟು ಎದ್ದು ಬಂದಳು. ಯಜಮಾನನ ತಂಗಿ, ತುಂಬು ಬಸುರಿ. ಚೊಚ್ಚಲು ಹೆರಿಗೆಗೆಂದು ತವರಿಗೆ ಬಂದವಳು. ಅವಳ ಹಾಸಿಗೆ ಇದ್ದದ್ದು ಆ ತುದಿಯ ಕೆಳಗೇ. ಹೆರಿಗೆ ಆಗಬೇಕಾದದ್ದೂ ಅಲ್ಲೇ.

ಯಜಮಾನನನ್ನು ಹೊರಗೆ ಕರೆದು ಹೇಳಿದೆ. "ಸಿಮೆಂಟಿನ ಮಾತು ಮರೆತುಬಿಡಿ. ಮಣ್ಣಿನ ಮೇಲೆ ಸಿಮೆಂಟ್ ನಿಲ್ಲೋದಿಲ್ಲ, ಬಿಸಿಲಿಗೆ ಹಪ್ಪಳದಂಗೆ ಒಡೆಯುತ್ತೆ. ಒಡೆದ ಸಂದಿಯಿಂದ ಇಳಿದ ನೀರು ಮತ್ತೆ ಆರೋದಿಲ್ಲ. ಅದರ ಮೇಲೆ ಅದರ ಭಾರ ಬೇರೆ. ಈ ತೊಲೆ ಮಳೆಗೆ ಮುಂಚೆ ಇಳೀಬೇಕು, ಬೇರೆ ತೊಲೆ ಏರ್ಬೇಕು."

ಅವನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಮಾತು ಬಂತು. "ತೊಲೆ ಇಳಿಸೋದಾ? ಯಾರ ಮನೇಲಿ ಏನ್ ಮಾತಾಡ್ತಾ ಇದೀಯಪ್ಪ?"

ಯಜಮಾನನ ತಾಯಿ. ಒಣಕಲು ಮೈ, ಗಟ್ಟಿ ದನಿ. ಗಂಡ ತೀರಿಕೊಂಡ ಮೇಲೆ ಆ ಮನೆಯನ್ನೂ ಇಬ್ಬರು ಮಕ್ಕಳನ್ನೂ ದಡ ಮುಟ್ಟಿಸಿದ ಹೆಂಗಸು ಎಂದು ಆಮೇಲೆ ತಿಳಿಯಿತು. ಆಗ ಕಂಡದ್ದು ಬಾಗಿಲಿಗೆ ಅಡ್ಡ ಇಟ್ಟ ಅವಳ ಎರಡು ತೋಳು ಮಾತ್ರ.

"ಬಸುರಿ ಇರೋ ಮನೇಲಿ ತೊಲೆ ಇಳಿಸ್ಬಾರ್ದು, ಗೋಡೆ ಒಡೀಬಾರ್ದು, ನೆಲಕ್ಕೆ ಗುದ್ದಲಿ ಹಾಕ್ಬಾರ್ದು. ನಿಮ್ ಮನೇಲಿ ಇವೆಲ್ಲ ಇಲ್ವಾ?"

ಇಲ್ಲದೆ ಏನು? ನನ್ನ ಹೆಂಡತಿ ಬಸುರಿಯಾಗಿದ್ದಾಗ ಅವಳ ಅಮ್ಮಿ ನಮ್ಮ ಮನೆಯ ಗೋಡೆಗೆ ಒಂದು ಮೊಳೆ ಹೊಡೆಯಲೂ ಬಿಟ್ಟಿರಲಿಲ್ಲ. ಆದರೆ ನಮ್ಮ ಮನೆಯ ತೊಲೆಯನ್ನು ಗೆದ್ದಲು ತಿಂದಿರಲಿಲ್ಲ. "ಅವ್ವಾ, ಇಳಿಸದೇ ಇದ್ರೆ ಅದೇ ಇಳಿಯುತ್ತೆ. ನಿಮ್ಮ ಮಗಳ ಮೇಲೇ ಇಳಿಯುತ್ತೆ," ಎಂದೆ. ಹಾಗೆ ಅನ್ನಬಾರದಿತ್ತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಬಾಯಿ ಅದರ ಪಕ್ಕದಲ್ಲೇ ಇದೆ.

"ಥೂ! ಬಿಡ್ತು ಅನ್ನು! ಮುತ್ತೈದೆ ಬಸುರಿ ಮುಂದೆ ಎಂಥಾ ಮಾತಾಡ್ತೀಯ!"

"ಅಂಗಾದ್ರೆ ಮಗಳನ್ನ ಗಂಡನ ಮನೆಗೆ ಕಳ್ಸಿಬುಡಿ."

"ಚೊಚ್ಚಲು ಬಸುರೀನ ತವರಿಂದ ವಾಪಸ್ ಕಳ್ಸಿದ್ರೆ ಊರೋರು ನನ್ ಮಕಕ್ಕೆ ಉಗೀತಾರೆ. ಈ ಹೊಟ್ಟೆ ಹೊತ್ಕಂಡು ಬಸ್ನಾಗೆ ಕುಲುಕ್ಕಂಡು ಹೋಗಾಕಾಯ್ತದಾ?"

ಸರಿ, ಹಳೆಯ ಮಣ್ಣನ್ನಾದರೂ ಇಳಿಸೋಣ ಎಂದೆ. ಅದು ಇನ್ನೂ ಕೆಟ್ಟದಾಯಿತು. "ಮನೆ ಮೇಲಿನ ಮಣ್ಣು ತೆಗೆಯೋದೂ ಒಂದೇ, ಮನೆ ಕೆಡವೋದೂ ಒಂದೇ. ಆ ಮಾಳ್ಗೆಗೆ ನಾನು ಮದ್ವೆಯಾಗಿ ಬಂದ ವರ್ಸದಿಂದ ಒಂದ್ ವರ್ಸನೂ ತಪ್ಪಿಸ್ದಂಗೆ ಚೌಳು ಹಾಕಿವ್ನಿ. ಈ ತಲೆ ಮೇಲೆ ಹೊತ್ತು ಹಾಕಿವ್ನಿ. ಯಾವನೋ ಬಂದು ಅದ್ನ ತೆಗಿ ಅಂತಾನೆ!"

ಪಿತ್ತ ನೆತ್ತಿಗೇರಿತು. ಸಾಮಾನಿನ ಚೀಲ ಎತ್ತಿಕೊಂಡು, ಭಾವಮೈದನಿಗೆ ಕಣ್ಣಲ್ಲೇ ನಡಿ ಎಂದು ಹೇಳಿ, ಬಡವನಹಳ್ಳಿಗೆ ಬಂದು ಶಿರಾ ಬಸ್ಸಿಗೆ ಕಾದು ಕೂತೆ. ಭಾವಮೈದ ಹುರಿದ ಕಡಲೆಕಾಯಿ ಕೊಂಡು ಸಿಪ್ಪೆ ಉದುರಿಸುತ್ತ, "ಜಾನೇ ದೋ ಭಾಯಿ, ಅವರ ಮನೆ, ಅವರ ಮಗಳು. ನಮಗ್ಯಾಕೆ?" ಎಂದ. ನನ್ನ ಮನಸ್ಸಿನಲ್ಲೂ ಇದ್ದದ್ದು ಅದೇ ಮಾತು. ಅವನ ಬಾಯಲ್ಲಿ ಕೇಳಿದಾಗ ಮಾತ್ರ ಮೈ ಉರಿಯಿತು.

ಬಸ್ಸು ತಡವಾಯಿತು. ಅಷ್ಟರಲ್ಲಿ ಗುಡ್ಡದ ಕಡೆಯಿಂದ ಒಬ್ಬ ಹೆಂಗಸು ಸೌದೆ ಹೊರೆ ಹೊತ್ತು ಬಂದು ನಮ್ಮ ಮುಂದೆ ನಿಂತಳು. ಬಗ್ಗಿದರೆ ಬೀಳುವಷ್ಟು ದೊಡ್ಡ ಹೊರೆ. "ಯಾರಾರಾ ಒಸಿ ಹೊರೆ ಇಳಿಸ್ರಪ್ಪೋ," ಎಂದಳು. ನಾನು ಎದ್ದು ಒಂದು ಕಡೆ ಹಿಡಿದೆ, ಭಾವಮೈದ ಇನ್ನೊಂದು ಕಡೆ. ಹೊರೆ ಇಳಿಸಿ ಕೆಳಗಿಟ್ಟೆವು. ಅವಳು ಕತ್ತು ನೀವಿಕೊಂಡು ಕೂತು, "ನಿಮ್ ಹೊಟ್ಟೆ ತಣ್ಣಗಿರ್ಲಿ," ಎಂದಳು.

ಬಸ್ಸು ಬಂತು. ನಾನು ಹತ್ತಲಿಲ್ಲ. ಆ ಮುದುಕಿ ಬೇಡವೆಂದದ್ದು ಮೂರು: ತೊಲೆ ಇಳಿಸುವುದು, ಗೋಡೆ ಒಡೆಯುವುದು, ನೆಲ ಅಗೆಯುವುದು. ಆ ಮೂರನ್ನೂ ಮುಟ್ಟದೆ ಏನು ಮಾಡಬಹುದು ಎಂದು ನಾನು ಯೋಚಿಸಿಯೇ ಇರಲಿಲ್ಲ. ಕೂಗಾಡಿ ಎದ್ದು ಬಂದಿದ್ದೆ, ಅಷ್ಟೇ. ತೊಲೆಗೆ ಕೆಳಗಿನಿಂದ ಆಸರೆ ಕೊಡಬಹುದು. ನೆಲ ಅಗೆಯದೆ ಚಪ್ಪಡಿ ಕಲ್ಲಿನ ಮೇಲೆ ಕಂಬ ನಿಲ್ಲಿಸಬಹುದು. ಮೇಲಿನ ಭಾರ ಕಮ್ಮಿ ಮಾಡಬಹುದು. ತೊಲೆಯನ್ನು ಹೆರಿಗೆಯಾದ ಮೇಲೆ ನೋಡಿಕೊಳ್ಳಬಹುದು.

ಮತ್ತೆ ಆ ಮನೆಯ ಜಗುಲಿಯ ಮುಂದೆ ಹೋಗಿ ನಿಂತೆ. ತಾಯಿ ಮೊರದಲ್ಲಿ ರಾಗಿ ಕೇರುತ್ತಿದ್ದಳು, ತಲೆ ಎತ್ತಲಿಲ್ಲ.

"ಅವ್ವಾ, ಒಂದು ಮಾತು ಕೇಳ್ತೀನಿ. ಬಸುರಿ ಹೆಂಗಸು ತಲೆ ಮೇಲೆ ಹೊರೆ ಹೊತ್ಕೊಂಡು ಬಂದು ನಿಮ್ ಮನೆ ಮುಂದೆ ನಿಂತ್ರೆ ಇಳಿಸ್ತೀರೋ, ಇಳಿಸ್ಬಾರ್ದು ಅಂತೀರೋ?"

"ಅದೆಂಗೆ ಇಳಿಸ್ದಂಗಿರಾಕಾಯ್ತದೆ?"

"ನಿಮ್ಮ ಮಗಳ ತಲೆ ಮೇಲೆ ಗಾಡಿಗಟ್ಲೆ ಮಣ್ಣೈತೆ. ತೊಲೆ ಮುಟ್ಟಲ್ಲ, ಗೋಡೆ ಒಡೆಯಲ್ಲ, ನೆಲಕ್ಕೆ ಗುದ್ದಲಿ ಹಾಕಲ್ಲ. ಹೊರೆ ಒಂದು ಇಳಿಸ್ತೀನಿ."

ಮೊರ ನಿಂತಿತು. ಬಾಗಿಲಲ್ಲಿ ಮಗಳು ನಿಂತಿದ್ದಳು. "ಅವ್ವ, ಇಳಿಸ್ಲಿ ಬುಡವ್ವ. ಮನಿಕ್ಕಂಡ್ರೆ ಕಣ್ಣೆಲ್ಲ ತೊಲೆ ಮ್ಯಾಗೇ ಇರ್ತದೆ, ನಿದ್ದೆ ಹತ್ತಲ್ಲ," ಎಂದಳು. ಅಷ್ಟು ದಿನ ಅವಳು ಅದನ್ನು ಯಾರಿಗೂ ಹೇಳಿರಲಿಲ್ಲವಂತೆ. ತಾಯಿ ಮಗಳ ಮುಖ ನೋಡಿದಳು, ಆಮೇಲೆ ನನ್ನ ಮುಖ. "ಹೊರೆ ಇಳ್ಸು. ಬ್ಯಾರೆ ಏನಾರಾ ಮುಟ್ಟಿದ್ರೆ ನೋಡು ಮತ್ತೆ," ಎಂದಳು.

ಆಸರೆಗೆ ಮರ ಬೇಕಿತ್ತು. ಎಂಜಿನ್ ಬಂದ ಮೇಲೆ ಕೆಲಸ ತಪ್ಪಿದ ಕಪಿಲೆಯ ಎರಡು ಗೂಟದ ಮರಗಳು ಹಿತ್ತಲಲ್ಲಿ ಬಿದ್ದಿದ್ದವು. ಎತ್ತುಗಳ ಎಳೆತವನ್ನು ವರ್ಷಗಟ್ಟಲೆ ತಡೆದ ಜಾಲಿಮರ, ಕಬ್ಬಿಣದಂಥದ್ದು. ಕಂಬ ಬೇಕಾದದ್ದು ಗೆದ್ದಲು ತಿಂದ ತುದಿಯ ಹತ್ತಿರ, ಅಂದರೆ ಕೋಣೆಯೊಳಗೆ. ಅಲ್ಲಿಗೆ ತರುತ್ತಿದ್ದಂತೆ ತಾಯಿ ಮತ್ತೆ ಅಡ್ಡ ಬಂದಳು. ಕಪಿಲೆ ಎಂದರೆ ತೊಗಲಿನ ಬಾನಿ; ತೊಗಲು ಮುಟ್ಟಿದ ಮರ ಬಾಣಂತಿ ಕೋಣೆಗೆ ಬರಕೂಡದು. ಇನ್ನೊಂದು ಸುತ್ತು ಜಗಳಕ್ಕೆ ನನ್ನಲ್ಲಿ ತ್ರಾಣವಿರಲಿಲ್ಲ. ಕೋಣೆಯ ಗೋಡೆಗೆ ಹೊರಗೆ, ತೊಲೆ ಹೊಟ್ಟೆ ಬಿಟ್ಟ ನಡುಭಾಗಕ್ಕೆ ಒಂದು ಕಂಬ ಕೊಡುವುದೆಂದು ಒಪ್ಪಿಕೊಂಡೆ.

ಬಟ್ಟೆ ಒಗೆಯುವ ಚಪ್ಪಡಿಯನ್ನು ನೆಲದ ಮೇಲೆ ಮಟ್ಟವಾಗಿ ಕೂರಿಸಿ, ಕಂಬವನ್ನು ಬೇಕಾದ್ದಕ್ಕಿಂತ ಎರಡು ಬೆರಳು ಗಿಡ್ಡ ಕೊಯ್ದು ನಿಲ್ಲಿಸಿದೆ. ತೂಕದ ಗುಂಡು ಬಿಟ್ಟು ನೇರ ನೋಡಿದೆ. ಕಂಬದ ತಲೆಗೂ ತೊಲೆಗೂ ನಡುವೆ ಎರಡು ಬೆಣೆಗಳನ್ನು ಎದುರುಬದುರು ಮೆಲ್ಲಗೆ ತಟ್ಟಿ ಬಿಗಿ ಮಾಡಿದೆ. ಇಲ್ಲಿ ಬಹಳ ಜನ ಎಡವುತ್ತಾರೆ. ಬಗ್ಗಿದ ತೊಲೆಯನ್ನು ನೆಟ್ಟಗೆ ಮಾಡುವ ಆಸೆಗೆ ಬೆಣೆ ಜೋರಾಗಿ ಹೊಡೆಯುತ್ತಾರೆ. ಹಾಗೆ ಎತ್ತಿದರೆ ಮೇಲಿನ ಮಣ್ಣೆಲ್ಲ ಸೀಳುತ್ತದೆ. ತೊಲೆಯನ್ನು ಎತ್ತಬಾರದು, ಇದ್ದಂತೆಯೇ ಹಿಡಿದು ನಿಲ್ಲಿಸಬೇಕು.

ಮಾರನೆಯ ದಿನ ಮಣ್ಣು ಇಳಿಸಲು ಊರಿನ ಆಳುಗಳು ಬಂದರು. ಮೊದಲು ಕೋಣೆಯ ಮೇಲಿನ ಮಣ್ಣು, ಆಮೇಲೆ ನಡು, ಕೊನೆಗೆ ಬೀದಿ ಕಡೆ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಭಾವಮೈದನನ್ನು ಮೇಲೆ ನಿಲ್ಲಿಸಿ, ಮುರಿದ ದೋಣಿಯ ಅಳತೆ ತೆಗೆಯಲು ಹಿತ್ತಲಿಗೆ ಹೋದೆ. ಏಣಿ ಇದ್ದದ್ದು ಬೀದಿ ಕಡೆ. ಮಂಕರಿ ಹೊತ್ತು ದೂರ ನಡೆಯುವುದೇಕೆ ಎಂದು ಆಳುಗಳು ಏಣಿಯ ಹತ್ತಿರದ ಮಣ್ಣನ್ನೇ ಮೊದಲು ಬಗೆಯಲು ಶುರು ಮಾಡಿದರು. ಭಾವಮೈದ ಅವರಲ್ಲೊಬ್ಬನ ಜೊತೆ ಶಿರಾ ಸಂತೆಯ ಕುರಿಯ ಸುದ್ದಿ ಮಾತಾಡುತ್ತ ನಿಂತಿದ್ದ.

ನಡುವೆ ಕಂಬ, ಒಂದು ಕಡೆ ಹಗುರ, ಇನ್ನೊಂದು ಕಡೆ ಭಾರ. ತೊಲೆ ತಕ್ಕಡಿಯ ದಂಡಿಯಾಗಿ ಹೋಯಿತು. ಹಿತ್ತಲಲ್ಲಿದ್ದ ನನಗೆ ಕೇಳಿಸಿದ್ದು ಲಟಕ್ಕೆನ್ನುವ ಒಂದು ಸದ್ದು, ಅದರ ಹಿಂದೆಯೇ ಒಳಗಿನಿಂದ "ಅವ್ವೋ!" ಎನ್ನುವ ಕೂಗು.

ಕೆಲಸ ನಡೆಯುವಾಗ ಮಗಳು ಪಕ್ಕದ ಮನೆಯಲ್ಲಿರಬೇಕೆಂದು ಹೇಳಿದ್ದೆವು. ಬಿಸಿಲಿಗೆ ಸುಸ್ತಾಗಿ, ಯಾರಿಗೂ ಹೇಳದೆ ಒಳಗೆ ಬಂದು ಮಲಗಿದ್ದಳು. ನಾನು ಓಡಿ ಹೋಗುವಷ್ಟರಲ್ಲಿ ತಾಯಿ ಅವಳನ್ನು ತೋಳು ಹಿಡಿದು ಹೊರಗೆ ಎಳೆದು ತಂದಿದ್ದಳು. ಮಗಳ ತಲೆ, ಹೆಗಲು, ಹೊಟ್ಟೆ ಎಲ್ಲ ಮಣ್ಣು. ಕೋಣೆಯೊಳಗೆ ಗೋಡೆಯ ಹತ್ತಿರ ತೊಲೆ ಒಂದು ಬೆರಳು ಕೆಳಗೆ ಕೂತಿತ್ತು. ಸಂದಿಯಿಂದ ಮಣ್ಣು ಸಣ್ಣಗೆ ಸುರಿಯುತ್ತಲೇ ಇತ್ತು.

"ಮೇಲಿರೋರು ಅಲುಗಾಡಬ್ಯಾಡ್ರೋ! ನಿಂತಲ್ಲೇ ಕೂತ್ಕೊಳ್ರೋ!" ಎಂದು ಕಿರುಚಿದೆ. ಭಾವಮೈದನಿಗೆ ಉರ್ದುವಿನಲ್ಲಿ ಇನ್ನೂ ನಾಲ್ಕು ಮಾತು ಹೇಳಿದೆ; ಅವು ಇಲ್ಲಿ ಬೇಡ. ಇನ್ನು ಈ ತಾಯಿ ನಮ್ಮನ್ನೆಲ್ಲ ಪೊರಕೆ ಹಿಡಿದು ಓಡಿಸುತ್ತಾಳೆ, ಓಡಿಸಿದರೆ ತಪ್ಪೂ ಇಲ್ಲ ಎಂದುಕೊಂಡೆ.

ಅವಳು ಮಗಳನ್ನು ಜಗುಲಿಯಲ್ಲಿ ಕೂರಿಸಿ, ಒಳಗೆ ಬಂದು, ಸುರಿಯುವ ಮಣ್ಣನ್ನು ನೋಡಿದಳು. "ಆ ಇನ್ನೊಂದು ಮರ ತತ್ತಾ," ಎಂದಳು.

"ಅವ್ವಾ, ತೊಗಲು ಮುಟ್ಟಿದ್ದು ಅಂತ ನೀವೇ..."

"ಬಾಯ್ ಮುಚ್ಕಂಡು ತತ್ತಾ ಅಂದೆ!"

ಯಜಮಾನನೂ ನಾನೂ ಮರ ಹೊತ್ತು ತಂದೆವು. ಕೆಳಗಿಡಲು ಕಲ್ಲಿರಲಿಲ್ಲ, ಬರೀ ಮಣ್ಣಿನ ನೆಲದ ಮೇಲೆ ನಿಲ್ಲಿಸಿದರೆ ಕಂಬ ಇಳಿದುಹೋಗುತ್ತದೆ. ತಿರುಗಿ ನೋಡಿದರೆ ತಾಯಿ ರಾಗಿ ಬೀಸುವ ಕಲ್ಲಿನ ಮೇಲಿನ ಬಿಲ್ಲೆ ತೆಗೆದಿಟ್ಟು, ಕೆಳಗಿನ ಕಲ್ಲನ್ನು ಉರುಳಿಸಿಕೊಂಡು ಬರುತ್ತಿದ್ದಳು. ದಿನಾ ಬೆಳಗ್ಗೆ ಮನೆಯ ಹಿಟ್ಟು ಬೀಳುವ ಕಲ್ಲು. ಅದನ್ನು ಮಗುಚಿ ಹಾಕಿ ಕಂಬ ನಿಲ್ಲಿಸಿದೆವು. ಎರಡನೆಯ ಬೆಣೆ ಕೂತ ಮೇಲೆ ಮಣ್ಣು ಸುರಿಯುವುದು ನಿಂತಿತು. ಆಮೇಲೆ ತಾಯಿ ಅರಿಶಿನ ಕುಂಕುಮ ತಂದು ಆ ಕಂಬಕ್ಕೆ ಹಚ್ಚಿದಳು. "ಇನ್ಮೇಕೆ ಇದು ಕಪಿಲೆ ಮರ ಅಲ್ಲ, ಮನೆ ಕಂಬ," ಎಂದು ತನಗೆ ತಾನೇ ಹೇಳಿಕೊಂಡಳು.

ಮುಂದೆ ನಾನು ಮಾಳಿಗೆ ಬಿಟ್ಟು ಕೆಳಗಿಳಿಯಲಿಲ್ಲ. ಕೋಣೆಯ ಮೇಲಿನಿಂದ ಶುರು ಮಾಡಿ, ಎರಡೂ ಪಕ್ಕ ಸಮನಾಗಿ, ಗುದ್ದಲಿ ಬಿಟ್ಟು ಸಲಿಕೆಯಲ್ಲೇ ಕೆರೆಸಿದೆ. ಮಣ್ಣು ಪದರ ಪದರವಾಗಿ ಎದ್ದು ಬಂತು. ಪ್ರತಿ ಪದರದ ತಲೆ ಬಿಳಿಚಿಕೊಂಡಿತ್ತು. ಅದು ಆಯಾ ವರ್ಷದ ಚೌಳು. ಅಂಗಳಕ್ಕೆ ಸುರಿದ ರಾಶಿಯಿಂದ ತಾಯಿ ಒಂದು ಹೆಂಟೆ ಎತ್ತಿ ಅದರ ಗೆರೆಗಳನ್ನು ಬೆರಳಲ್ಲಿ ಮುಟ್ಟಿ ನೋಡುತ್ತಿದ್ದಳು. "ಇದ್ರಾಗೆ ಯಾವ್ದು ಇವ್ರಪ್ಪ ಹೋದ ವರ್ಸದ್ದು ಸಾಬ್ರೇ? ಆ ವರ್ಸ ನಾನೊಬ್ಳೇ ಹೊತ್ತಾಕಿದ್ದು," ಎಂದಳು. ನನಗೆ ಗೊತ್ತಾಗಲಿಲ್ಲ ಎಂದೆ. ಒಂದು ವರ್ಷವೂ ತಪ್ಪಿಸದೆ ಮನೆ ಕಾಪಾಡಿದ ಹೆಂಗಸು. ಅವಳ ಕಾಪಾಡಿಕೆಯೇ ಮಗಳ ತಲೆಯ ಮೇಲೆ ಕೂತಿತ್ತು. ಅದನ್ನು ಅವಳಿಗೆ ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ.

ಆ ಚೌಳು ಮಣ್ಣನ್ನು ಹೊಲಕ್ಕೆ ಹೊಡೆಯಲು ಯಜಮಾನ ಗಾಡಿ ಕಟ್ಟಿದ. ತಡೆದೆ. ಚೌಳು ಬಿದ್ದ ಹೊಲದಲ್ಲಿ ಬೆಳೆ ಏಳುವುದಿಲ್ಲ. ಬೀದಿಯ ಗುಂಡಿಗೆ ಹಾಕಿಸಿದೆ.

ಒಳಗಿನ ಬಂದ್ರೆ ಸೊಪ್ಪು ಕೊಳೆತಿದ್ದ ಕಡೆ ಹೊಸದು ಹಾಸಿ, ಕೆಮ್ಮಣ್ಣಿಗೆ ರಾಗಿ ಹೊಟ್ಟು ಕಲಸಿ ತುಳಿಸಿ, ನಾಲ್ಕು ಬೆರಳು ದಪ್ಪ ಹರಡಿ, ಹಲಗೆಯಲ್ಲಿ ಬಡಿಸಿದೆ. ಒಂದು ಚೊಂಬು ನೀರು ಹುಯ್ದರೆ ಎಲ್ಲಿಯೂ ನಿಲ್ಲದೆ ದೋಣಿಯ ಕಡೆಗೇ ಓಡಬೇಕು, ಅಷ್ಟು ಇಳಿಜಾರು. ಎಲ್ಲಕ್ಕಿಂತ ಮೇಲೆ ಒಣ ಚೌಳು ಒಂದೇ ಪದರ. ಬೆಳಕಿಂಡಿಗೆ ಒಂದೇ ಮಡಕೆ ಸಾಕಾಯಿತು. ಯಜಮಾನನ ಸಿಮೆಂಟಿಗೂ ಕೊನೆಗೆ ಒಂದು ಕೆಲಸ ಸಿಕ್ಕಿತು: ಹೊಸ ಕಲ್ಲಿನ ದೋಣಿಯನ್ನು ಗೋಡೆಯಿಂದ ಒಂದು ಮೊಳ ಆಚೆಗೆ ಚಾಚಿ ಕೂರಿಸಿ, ಸುತ್ತ ಅದನ್ನು ತುಂಬಿದೆ. ತಂದ ಸಿಮೆಂಟ್ ದಂಡವಾಗಲಿಲ್ಲವಲ್ಲ ಎಂದು ಅವನ ಮುಖ ಅರಳಿತು. ನಿಮ್ಮ ಮನೆಯಲ್ಲೂ ಮಳೆ ಬರುವಾಗ ಒಮ್ಮೆ ಹೊರಗೆ ನಿಂತು ದೋಣಿಯ ನೀರು ಎಲ್ಲಿ ಬೀಳುತ್ತದೆ ನೋಡಿ. ಗೋಡೆ ಒದ್ದೆಯಾಗುತ್ತಿದ್ದರೆ ಬೇರೆಲ್ಲ ಬಿಟ್ಟು ಮೊದಲು ಅದನ್ನು ಸರಿ ಮಾಡಿಸಿ.

ಹೊರಡುವಾಗ ತಾಯಿಗೆ ಹೇಳಿದೆ: "ಮರ ಒಣಗ್ತಾ ಒಣಗ್ತಾ ಬೆಣೆ ಸಡ್ಲ ಆಗುತ್ತೆ. ದಿನಾ ಬೆಳಗ್ಗೆ ಕೈಯಲ್ಲಿ ಅಲ್ಲಾಡಿಸಿ ನೋಡಿ. ಅಲ್ಲಾಡಿದ್ರೆ ಮಗಳನ್ನ ಹೊರಗೆ ಕಳಿಸಿ, ಆಮೇಲೆ ತಟ್ಟಿ."

"ತಟ್ತೀನಿ. ತೊಲೆ ಇಳಿಸೋದು ಯಾವಾಗ ಅಂತ ನಾನೇ ಹೇಳಿ ಕಳಿಸ್ತೀನಿ. ಅಲ್ಲೀಗಂಟ ನೀನು ಈ ಕಡೆ ತಲೆ ಹಾಕ್ಬ್ಯಾಡ," ಎಂದಳು. ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿ ಕೊಟ್ಟಳು. ಹಿಟ್ಟು ಎಲ್ಲಿಯದು ಎಂದು ಕೇಳಿದೆ. ಪಕ್ಕದ ಮನೆಗೆ ಹೋಗಿ ಬೀಸಿಕೊಂಡು ಬಂದಿದ್ದಳು.

ಶಿರಾಕ್ಕೆ ಬಂದು ಒಂದು ಅಂಗಡಿಯ ಗೋಡೆಗೆ ಗಾರೆ ಹಿಡಿದೆ. ಒಂದು ಮಧ್ಯಾಹ್ನ ಮಧುಗಿರಿ ದಿಕ್ಕು ಕಪ್ಪಾಯಿತು. ಶಿರಾದಲ್ಲಿ ನಾಲ್ಕು ಹನಿಯೂ ಬೀಳಲಿಲ್ಲ. ಸಂಜೆ ಆ ಕಡೆಯಿಂದ ಬಂದ ಬಸ್ಸಿನ ಚಕ್ರಗಳಿಗೆ ಕೆಂಪು ಕೆಸರು ಮೆತ್ತಿತ್ತು. "ಬಡವನಹಳ್ಳಿ ಕಡೆ ಹೆಂಗೆ ಮಳೆ?" ಎಂದು ಕಂಡಕ್ಟರನ್ನು ಕೇಳಿದೆ. "ಆಕಾಶವೇ ಕಳಚಿ ಬಿದ್ದಂಗೆ ಸಾಬ್ರೇ," ಎಂದ. ಆಮೇಲಿನ ದಿನಗಳಲ್ಲಿ ನಾನು ಹಿಡಿದ ಗಾರೆ ನೋಡಿ ಅಂಗಡಿಯವನು ಎರಡು ಸಲ ಬೈದ. ನೇರ ಹೋಗಿ ನೋಡಿ ಬರಬಹುದಿತ್ತು. ತಲೆ ಹಾಕಬೇಡ ಎಂದಿದ್ದಾಳೆ ಎಂದು ನೆಪ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹೋಗಲು ಧೈರ್ಯ ಇರಲಿಲ್ಲ. ನಮಾಜಿಗೆ ನಿಂತರೂ ಕಣ್ಣ ಮುಂದೆ ಆ ಬೆಣೆಗಳೇ ಬರುತ್ತಿದ್ದವು.

ಕಡೆಗೆ ಒಂದು ಬೆಳಗ್ಗೆ ಅದೇ ಕಂಡಕ್ಟರು ಬಸ್ಸಿನ ಬಾಗಿಲಲ್ಲಿ ನಿಂತು ನನ್ನನ್ನು ಕೂಗಿದ. "ಸಾಬ್ರೇ, ಬಡವನಹಳ್ಳೀಲಿ ಒಬ್ಬ ಅಜ್ಜಿ ಬಸ್ ಅಡ್ಡ ಹಾಕಿ ನಿಮಗೆ ಒಂದು ಮಾತು ಹೇಳು ಅಂತು."

"ಏನಂತೆ?"

"ತೊಲೆ ಇಳಿಸಬೌದಂತೆ."

"ಇನ್ನೇನು ಹೇಳಿದ್ಳು?"

"ಅಷ್ಟೇ. ತೊಲೆ ಇಳಿಸಬೌದು ಅಂತ ಹೇಳ್ಬುಡು, ಸಾಬ್ರಿಗೆ ಗೊತ್ತಾಯ್ತದೆ ಅಂತು. ಯಾಕೆ, ಏನಾಯ್ತು?"

ನಾನು ಮರಳಿನ ರಾಶಿಯ ಮೇಲೆ ಕುಸಿದು ಕೂತೆ. ಭಾವಮೈದ ಗಾಬರಿಯಾಗಿ ನೀರು ತಂದ. ಕಣ್ಣಲ್ಲಿ ನೀರು ಬಂದಿತ್ತು, ಅದನ್ನು ಮುಚ್ಚಿಡಲು ಆ ನೀರನ್ನೇ ಮುಖಕ್ಕೆ ಎರಚಿಕೊಂಡೆ. "ಗಂಡೋ ಹೆಣ್ಣೋ?" ಎಂದು ಕೂಗಿ ಕೇಳಿದೆ. ಬಸ್ಸು ಆಗಲೇ ಹೊರಟಿತ್ತು. "ತೊಲೆಗೆ ಎಂಥಾ ಗಂಡು ಹೆಣ್ಣು?" ಎಂದು ಕಂಡಕ್ಟರು ನಕ್ಕದ್ದು ಕೇಳಿಸಿತು.

ಹೆಣ್ಣು. ಪುರುಡು ಕಳೆದ ಮೇಲೆ ಹೋದಾಗ ಕಂಡೆ. ಕೊರಟಗೆರೆ ಕಡೆಯಿಂದ ಯಜಮಾನ ಹೊನ್ನೆ ಮರದ ತೊಲೆ ತರಿಸಿದ್ದ. ಎರಡೂ ಪಕ್ಕ ಜಂತೆಗಳಿಗೆ ಆಸರೆ ಕೊಟ್ಟು, ಹಳೆಯ ತೊಲೆಯನ್ನು ಹಗ್ಗ ಕಟ್ಟಿ ಇಳಿಸಿದೆವು. ಗೋಡೆಯಿಂದ ಹೊರಬಂದ ತುದಿಯೊಳಕ್ಕೆ ನನ್ನ ಮುಂಗೈ ಪೂರ್ತಿ ಹೋಯಿತು. ಒಳಗೆ ಮರವೇ ಇರಲಿಲ್ಲ; ಸುತ್ತ ಒಂದು ತೆಳ್ಳಗಿನ ಚಕ್ಕೆ, ನಡುವೆಲ್ಲ ಗೆದ್ದಲಿನ ಮಣ್ಣು. ಅಂದರೆ ಆ ಮಳೆಯಿಡೀ ಕೋಣೆಯನ್ನು ಹೊತ್ತು ನಿಂತದ್ದು ರಾಗಿ ಕಲ್ಲಿನ ಮೇಲಿನ ಕಂಬ ಒಂದೇ. ತಾಯಿ ಹತ್ತಿರ ಬಂದು ತಾನೂ ಒಳಗೆ ಕೈಯಿಟ್ಟು ನೋಡಿದಳು.

ಹೊಸ ತೊಲೆಯ ಎರಡೂ ತುದಿಗೆ ಡಾಂಬರು ಬಳಿದು, ಗೋಡೆಯ ಗೂಡಿನಲ್ಲಿ ಸುತ್ತ ಬೆರಳು ಆಡುವಷ್ಟು ಜಾಗ ಬಿಟ್ಟು ಕೂರಿಸಿದೆ. ಮಣ್ಣು ಮೆತ್ತಿ ಮುಚ್ಚಿದರೆ ಮರಕ್ಕೆ ಗಾಳಿಯಾಡುವುದಿಲ್ಲ, ಮತ್ತೆ ಅದೇ ಕಥೆ. ಕಂಬಗಳನ್ನು ತೆಗೆದೆವು. ಬೀಸುವ ಕಲ್ಲು ತನ್ನ ಜಾಗಕ್ಕೆ ಹೋಯಿತು.

ಕೆಟ್ಟ ತುದಿಯನ್ನು ಕೊಯ್ದು ಹಿತ್ತಲಿಗೆ ಎಸೆದಿದ್ದೆ. ಕೈಕಾಲು ತೊಳೆಯಲು ಹೋದಾಗ ನೋಡಿದೆ, ತಾಯಿ ಅದನ್ನು ಬಚ್ಚಲೊಲೆಯ ಹತ್ತಿರ ಎಳೆದುಕೊಂಡು, ಕೊಡಲಿಯಲ್ಲಿ ಸೀಳಿ, ಹಂಡೆಯ ಕೆಳಗೆ ತುರುಕುತ್ತಿದ್ದಳು. ಬಾಣಂತಿಗೂ ಕೂಸಿಗೂ ನೀರು ಕಾಯುತ್ತಿತ್ತು.

"ಇಷ್ಟ್ ವರ್ಸ ತಲೆ ಮೇಲಿತ್ತು, ಇನ್ನು ಹಂಡೆ ಕೆಳಗಿರ್ಲಿ," ಎಂದಳು. ಬೆಂಕಿ ಊದಿ, ನನ್ನ ಕಡೆ ತಿರುಗದೆ ಕೇಳಿದಳು: "ಬರೋ ವರ್ಸ ಚೌಳು ಹಾಕ್ಬೇಕಾರೆ, ಮೊದ್ಲು ಹಳೇದು ಎಷ್ಟು ಕೆರೀಬೇಕು?"

"ಎಷ್ಟು ಹಾಕ್ತೀರೋ ಅಷ್ಟು ಅವ್ವಾ."

"ಹೂಂ," ಎಂದು ಎದ್ದು ಹಂಡೆಯ ನೀರಿಗೆ ಬೆರಳಿಟ್ಟು ನೋಡಿದಳು. ಹದವಾಗಿತ್ತು. ಕೂಸನ್ನು ತರಲು ಒಳಗೆ ಮಗಳನ್ನು ಕೂಗಿದಳು.